ತಿಂಗಳ ಚಂದಾ: ಯಾವುದನ್ನು ಬಿಡೋಣ, ಯಾವುದನ್ನು ಉಳಿಸೋಣ?



ಬರುವ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಎರಡು ಹಣದ ವಿಷಯಗಳಿವೆ. ಮೊದಲನೆಯದು, ಸಂಘದ ವಾಚನಾಲಯಕ್ಕೆ ತರಿಸುತ್ತಿರುವ ಕನ್ನಡ ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆಗಳ ಚಂದಾವನ್ನು ಮುಂದುವರಿಸಬೇಕೇ ಎಂಬುದು. ಎರಡನೆಯದು, ಸದಸ್ಯರ ವಾರ್ಷಿಕ ವರ್ಗಣಿ. "ಎಲ್ಲಾ ಮೊಬೈಲಿನಾಗ ಬರತೈತಿ, ಪೇಪರಿಗೆ ಯಾಕ ರೊಕ್ಕಾ ಹಾಕಬೇಕು?" ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಪೇಪರೊಂದನ್ನೇ ಹಿಡಿದು ಉತ್ತರ ಕೊಟ್ಟರೆ ಲೆಕ್ಕ ಅರ್ಧವಾಗುತ್ತದೆ. ನಮ್ಮ ಮನೆಗಳಿಂದ ತಿಂಗಳು ತಿಂಗಳು ಹೋಗುವ ಎಲ್ಲ ಚಂದಾಗಳನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಬೇಕು. ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿದವನಿಗೆ ಇಷ್ಟಾದರೂ ಬರುತ್ತದೆ ಎಂಬ ಧೈರ್ಯದಿಂದ ಈ ಲೇಖನ ಬರೆಯುತ್ತಿದ್ದೇನೆ.

ಚಂದಾ ನಮಗೆ ಹೊಸದಲ್ಲ

ನನ್ನ ವಯಸ್ಸಿನವರಿಗೆ ರೇಡಿಯೋ ಲೈಸೆನ್ಸ್ ನೆನಪಿರುತ್ತದೆ. ಮನೆಯಲ್ಲಿ ರೇಡಿಯೋ ಇದ್ದರೆ ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ದಾಖಲು ಮಾಡಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಹುಬ್ಬಳ್ಳಿಯ 'ಕಸ್ತೂರಿ', ಬೆಂಗಳೂರಿನ 'ಸುಧಾ', 'ಮಯೂರ' ಬೇಕಾದವರು ವರ್ಷದ ಚಂದಾವನ್ನು ಮನಿಯಾರ್ಡರ್ ಮಾಡುತ್ತಿದ್ದರು. ಮನಿಯಾರ್ಡರ್ ಫಾರಂ ತುಂಬುವ ಹೊತ್ತಿಗೆ "ಕಳೆದ ವರ್ಷ ಇದನ್ನು ಎಷ್ಟು ಓದಿದೆವು?" ಎಂಬ ಯೋಚನೆ ತಾನಾಗಿ ಬರುತ್ತಿತ್ತು.

ಈಗಿನ ಚಂದಾಕ್ಕೆ ಆ ತೊಂದರೆ ಇಲ್ಲ. ಒಮ್ಮೆ ಒಪ್ಪಿಗೆ ಒತ್ತಿದರೆ ಸಾಕು, ಹಣ ತಾನೇ ಹೋಗುತ್ತದೆ. ಕಟ್ಟುವುದು ಸುಲಭವಾದಂತೆ ಯೋಚನೆ ಮಾಡುವುದೂ ತಪ್ಪಿಹೋಯಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಹೇಳಿದ್ದು. ಖರ್ಚಿಗೂ ಅದು ಅಷ್ಟೇ ನಿಜ.

ಮೊದಲು ಫೋನು: ವರ್ಷಕ್ಕೆ ಹದಿಮೂರು ತಿಂಗಳು

2024ರ ಜುಲೈನಲ್ಲಿ ಮೂರೂ ಖಾಸಗಿ ಮೊಬೈಲ್ ಕಂಪನಿಗಳು ದರ ಏರಿಸಿದವು. ಜಿಯೋದ 28 ದಿನಗಳ 239 ರೂಪಾಯಿಯ ಪ್ಲಾನ್ 299 ಆಯಿತು. ಏರಿದ್ದು 60 ರೂಪಾಯಿ ಎನಿಸುತ್ತದೆ. ಆದರೆ 28 ದಿನಗಳ ಪ್ಲಾನ್ ಎಂದರೆ ವರ್ಷಕ್ಕೆ 12 ಅಲ್ಲ, 13 ರಿಚಾರ್ಜ್. ಅಂದರೆ ಒಂದು ಫೋನಿಗೆ ವರ್ಷಕ್ಕೆ 3,887 ರೂಪಾಯಿ. ಹಳೆಯ ದರದಲ್ಲಿ ಅದು 3,107 ಆಗುತ್ತಿತ್ತು. ಹೆಚ್ಚಿದ್ದು ಫೋನಿಗೆ 780 ರೂಪಾಯಿ. ಮನೆಯಲ್ಲಿ ಇಂಥ ಮೂರು ಫೋನ್ ಇದ್ದರೆ ವರ್ಷಕ್ಕೆ 11,661 ರೂಪಾಯಿ. ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಇಷ್ಟು ದೊಡ್ಡ ಚಂದಾ ಇನ್ನೊಂದಿಲ್ಲ. ಆದರೂ ಇದನ್ನು ಚಂದಾ ಎಂದು ಯಾರೂ ಕರೆಯುವುದಿಲ್ಲ.

ಫೋನು ಬಿಡುವ ಕಾಲ ಇದಲ್ಲ. ಆದರೆ ಆಯ್ಕೆಗಳಿವೆ. 28 ದಿನಗಳ ಪ್ಲಾನ್ ಬಗ್ಗೆ ದೂರು ಹೆಚ್ಚಾದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನಗಳ ಒಂದು ಪ್ಲಾನ್, ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಒಂದು ಪ್ಲಾನ್ ಇಡಲೇಬೇಕು. 2024ರ ಡಿಸೆಂಬರಿನಲ್ಲಿ ಇನ್ನೊಂದು ಆದೇಶ ಬಂತು: ಇಂಟರ್ನೆಟ್ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ರಿಚಾರ್ಜ್ ಕೊಡಬೇಕು, ಅದರ ಅವಧಿ 365 ದಿನಗಳವರೆಗೂ ಇರಬಹುದು. ಗುಂಡಿ ಒತ್ತುವ ಫೋನ್ ಇಟ್ಟುಕೊಂಡ ಅಜ್ಜ-ಅಜ್ಜಿಯರಿಗೆ ದಿನಕ್ಕೆ ಒಂದೂವರೆ ಜಿಬಿ ಯಾತಕ್ಕೆ? ರಿಚಾರ್ಜ್ ಅಂಗಡಿಯವರು ಈ ಪ್ಲಾನನ್ನು ತಾವಾಗಿ ಹೇಳದಿದ್ದರೆ ನಾವೇ ಕೇಳಬೇಕು.

ಗಡಿಯವರಿಗೆ ಒಂದು ಸಮಾಧಾನವೂ ಇದೆ. ಹಿಂದೆ ಮ್ಹೈಸಾಳದಲ್ಲಿ ಕುಳಿತಾಗಲೇ ಫೋನು ಕಾಗವಾಡದ ಟವರ್ ಹಿಡಿದರೆ ರೋಮಿಂಗ್ ಬೀಳುತ್ತಿತ್ತು. ಬಂದ ಕರೆಗೂ ಹಣ ಹೋಗುತ್ತಿತ್ತು. ಆ ಕಾಟ ಈಗ ಮುಗಿದಿದೆ.

ಎರಡು ಭಾಷೆಯ ಮನೆ, ಎರಡು ಪ್ಯಾಕ್

ಟಿವಿಯ ವಿಷಯದಲ್ಲಿ ಗಡಿಯ ಕನ್ನಡ ಮನೆಯ ಕಷ್ಟ ಬೆಂಗಳೂರಿನವರಿಗೂ ಗೊತ್ತಾಗದು, ಪುಣೆಯವರಿಗೂ ಗೊತ್ತಾಗದು. ಮಹಾರಾಷ್ಟ್ರದಲ್ಲಿ ಕೇಬಲಿನವರು ಕೊಡುವ ಸಾಮಾನ್ಯ ಪ್ಯಾಕ್ ಮರಾಠಿ-ಹಿಂದಿಯದು. ಮನೆಯ ಹಿರಿಯರಿಗೆ ಕನ್ನಡ ಧಾರಾವಾಹಿ ಬೇಕು. ಮಕ್ಕಳಿಗೂ ಸಾಂಗಲಿಯ ಸುದ್ದಿಗೂ ಮರಾಠಿ ಬೇಕು. ಎರಡನ್ನೂ ಕೊಂಡರೆ ಏನಾಗುತ್ತದೆ, ನೋಡೋಣ.

ಟ್ರಾಯ್‌ನ ಹೊಸ ದರ ವ್ಯವಸ್ಥೆ 2019ರ ಫೆಬ್ರವರಿಯಿಂದ ಜಾರಿಗೆ ಬಂತು. ಆಗ ಸಂಪರ್ಕ ಶುಲ್ಕದ ಮಿತಿ ತಿಂಗಳಿಗೆ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153.40. ಅದರ ಮೇಲೆ ಪಾವತಿ ಚಾನೆಲ್‌ಗಳ ಬೆಲೆ. ಪ್ಯಾಕಿನೊಳಗೆ ಸೇರಿಸಬಹುದಾದ ಚಾನೆಲ್‌ನ ಗರಿಷ್ಠ ಬೆಲೆ ಆಗ 19 ರೂಪಾಯಿ ಇತ್ತು. ನಡುವೆ 12ಕ್ಕೆ ಇಳಿಸಿ, 2022ರ ನವೆಂಬರಿನಲ್ಲಿ ಮತ್ತೆ 19ಕ್ಕೆ ತಂದರು. ಈ ದರಕ್ಕೆ ನಾಲ್ಕು ಕನ್ನಡ ಚಾನೆಲ್ ಬಿಡಿಬಿಡಿಯಾಗಿ ಕೊಂಡರೆ ತೆರಿಗೆ ಸೇರಿ ತಿಂಗಳಿಗೆ 89.68 ರೂಪಾಯಿ. ಅಷ್ಟೇ ಮರಾಠಿ ಚಾನೆಲ್ ಕೊಂಡರೆ ಮತ್ತೊಂದು 89.68. ಸಂಪರ್ಕ ಶುಲ್ಕ ಸೇರಿಸಿದರೆ ತಿಂಗಳಿಗೆ 332.76, ವರ್ಷಕ್ಕೆ ಸುಮಾರು 3,993 ರೂಪಾಯಿ. 2024ರ ಜುಲೈನಲ್ಲಿ ಟ್ರಾಯ್ ಸಂಪರ್ಕ ಶುಲ್ಕದ ಮಿತಿಯನ್ನೇ ತೆಗೆದು, ದರವನ್ನು ಕಂಪನಿಗಳಿಗೆ ಬಿಟ್ಟಿತು. ಆದ್ದರಿಂದ ಈಗ ತಮ್ಮ ಬಿಲ್ಲಿನಲ್ಲಿ ಏನಿದೆಯೋ ಅದನ್ನೇ ನೋಡಬೇಕು.

ಇಲ್ಲಿ ಉಳಿತಾಯಕ್ಕೆ ಜಾಗವಿದೆ. ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕು ಈ ವ್ಯವಸ್ಥೆಯಲ್ಲೇ ಇದೆ. ಪ್ಯಾಕ್ ಕೊಳ್ಳಲೇಬೇಕೆಂದಿಲ್ಲ. ಮನೆಯಲ್ಲಿ ಒಂದು ವಾರ ಯಾರು ಯಾವ ಚಾನೆಲ್ ನೋಡಿದರು ಎಂದು ಗುರುತು ಹಾಕಿದರೆ ಬೇಡದ್ದು ಯಾವುದೆಂದು ತಾನೇ ತಿಳಿಯುತ್ತದೆ. ಡಿಡಿ ಫ್ರೀ ಡಿಶ್ ಹಾಕಿಸಿದರೆ ತಿಂಗಳ ಶುಲ್ಕವೇ ಇಲ್ಲ, ಅದರಲ್ಲಿ ನಮ್ಮ ಚಂದನ ವಾಹಿನಿ ಬರುತ್ತದೆ. ಧಾರವಾಡ ಆಕಾಶವಾಣಿಗಂತೂ ಯಾವ ರಿಚಾರ್ಜೂ ಬೇಕಿಲ್ಲ.

ಬಿಟ್ಟಿಯಿಂದ ಚಂದಾಕ್ಕೆ

ಮೂರನೆಯದು ಸಿನೆಮಾ-ಧಾರಾವಾಹಿಯ ಆಪ್‌ಗಳು. ಇವು ಮನೆಯೊಳಗೆ ಬರುವ ಬಗೆಯನ್ನು ಗಮನಿಸಬೇಕು. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೋ ಸಿನೆಮಾ ಬಿಟ್ಟಿಯಾಗಿ ತೋರಿಸಿತು. 2024ರಲ್ಲೂ ತೋರಿಸಿತು. ಮನೆಮನೆಯ ಹುಡುಗರಿಗೆ ರೂಢಿಯಾಯಿತು. 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಆ ವರ್ಷದಿಂದ ಪಂದ್ಯ ಪೂರ್ತಿ ನೋಡಲು ಚಂದಾ ಕಟ್ಟಬೇಕು, ಇಲ್ಲವೇ ಚಂದಾ ಸೇರಿದ ರಿಚಾರ್ಜ್ ಮಾಡಿಸಬೇಕು ಎಂದಾಯಿತು. ಇದರಲ್ಲಿ ಮೋಸವೇನಿಲ್ಲ, ವ್ಯಾಪಾರ. ಮೊದಲು ರೂಢಿ, ಆಮೇಲೆ ಬೆಲೆ. ನಾವು ತಿಳಿದಿರಬೇಕು, ಅಷ್ಟೇ.

ತಿಂಗಳಿಗೆ 149 ರೂಪಾಯಿಯ ಒಂದು ಆಪ್ ವರ್ಷಕ್ಕೆ 1,788 ರೂಪಾಯಿ. ತಿಂಗಳಿಗೆ ಎರಡೇ ಸಿನೆಮಾ ನೋಡಿದರೆ ಒಂದಕ್ಕೆ 74.50 ಬಿತ್ತು. ಎಂಟು ನೋಡಿದರೆ 19 ರೂಪಾಯಿಗೂ ಕಡಿಮೆ. ಆಪ್ ತುಟ್ಟಿಯೋ ಸೋವಿಯೋ ಎಂಬುದನ್ನು ಕಂಪನಿಯ ದರಪಟ್ಟಿ ಹೇಳುವುದಿಲ್ಲ. ಅದು ತೀರ್ಮಾನವಾಗುವುದು ನಮ್ಮ ಬಳಕೆಯಿಂದ.

ಇದರ ಜೊತೆಗೆ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ. ಯುಪಿಐ ಆಟೋಪೇ 2020ರ ಜುಲೈನಲ್ಲಿ ಆರಂಭವಾಯಿತು. ಕಾರ್ಡಿನಿಂದ ಆಗುವ ಇಂಥ ಕಡಿತಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಪೂರ್ಣ ಜಾರಿಯಲ್ಲಿದೆ. ಅದರಂತೆ ಹಣ ಕಡಿಯುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ನಮಗೆ ಸಂದೇಶ ಕಳಿಸಬೇಕು, ಮತ್ತು ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಅವಕಾಶ ಇರಬೇಕು. 2022ರ ಜೂನಿನಿಂದ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಆದ್ದರಿಂದ ಆ 24 ಗಂಟೆಯ ಸಂದೇಶವನ್ನು ಜಾಹೀರಾತೆಂದು ಅಳಿಸಿಬಿಡಬೇಡಿ. ಫೋನಿನ ಯುಪಿಐ ಆಪ್ ಒಳಗೆ 'ಆಟೋಪೇ' ಅಥವಾ 'ಮ್ಯಾಂಡೇಟ್' ಎಂಬ ಭಾಗ ಇರುತ್ತದೆ. ತಾವು ಯಾರು ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಅಲ್ಲಿದೆ, ರದ್ದು ಮಾಡುವುದೂ ಅಲ್ಲೇ. ಆಪ್ ಅನ್ನು ಫೋನಿನಿಂದ ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಇದನ್ನು ಹಿರಿಯ ಸದಸ್ಯರು ವಿಶೇಷವಾಗಿ ಗಮನಿಸಬೇಕು.

ರದ್ದು ಮಾಡುವ ದಾರಿಯನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಅದೀಗ ಗ್ರಾಹಕರ ವಿರುದ್ಧದ ಅಕ್ರಮ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿದೆ. ಚಂದಾ ಬಲೆ ಅವುಗಳಲ್ಲಿ ಒಂದು. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪೇಪರಿನ ಲೆಕ್ಕ ಬೇರೆ ಯಾಕೆ?

ಈಗ ಮೂಲ ಪ್ರಶ್ನೆಗೆ ಬರೋಣ. ದಿನಕ್ಕೆ 6 ರೂಪಾಯಿ ಎಂದು ಹಿಡಿದರೆ ಒಂದು ದಿನಪತ್ರಿಕೆಗೆ ವರ್ಷಕ್ಕೆ 2,190 ರೂಪಾಯಿ. ರದ್ದಿಯಿಂದ ಸ್ವಲ್ಪ ಮರಳಿ ಬರುತ್ತದೆ. ಮನೆಯಲ್ಲಿ ನಾಲ್ವರು ಓದಿದರೂ ಅಷ್ಟೇ, ಒಬ್ಬರು ಓದಿದರೂ ಅಷ್ಟೇ. ವಾಚನಾಲಯದಲ್ಲಾದರೆ ಅದೇ ಪ್ರತಿ ದಿನವಿಡೀ ಕೈಯಿಂದ ಕೈಗೆ ಹೋಗುತ್ತದೆ.

ಹಣಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆಪ್ ಬಿಟ್ಟರೆ ನಾಳೆ ಮತ್ತೆ ಹಾಕಿಸಿಕೊಳ್ಳಬಹುದು. ನಾವು ಬಿಟ್ಟೆವೆಂದು ಆ ಕಂಪನಿ ಮುಚ್ಚುವುದಿಲ್ಲ. ಚಾನೆಲ್ ಬಿಟ್ಟರೂ ಹಾಗೆಯೇ. ಕನ್ನಡ ಪೇಪರಿನ ಸ್ಥಿತಿ ಹಾಗಿಲ್ಲ. ಮಹಾರಾಷ್ಟ್ರದೊಳಗಿನ ನಮ್ಮ ಊರಿಗೆ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಅಚ್ಚಾದ ಪತ್ರಿಕೆಯ ಕಟ್ಟು ನಸುಕಿನಲ್ಲಿ ಗಡಿ ದಾಟಿ ಬರಬೇಕು. ಏಜೆಂಟರಿಗೆ ಸಿಗುವುದು ಪ್ರತಿಯ ಬೆಲೆಯಲ್ಲಿ ಒಂದು ಪಾಲು ಕಮಿಷನ್. ಪ್ರತಿಗಳ ಸಂಖ್ಯೆ ಇಳಿದರೆ ಕಟ್ಟು ತರಿಸುವ ಖರ್ಚೂ ಹುಟ್ಟುವುದಿಲ್ಲ, ಹಂಚುವ ಹುಡುಗನ ಸಂಬಳವೂ ಹುಟ್ಟುವುದಿಲ್ಲ. ಆಗ ಬಿಟ್ಟವರಿಗೆ ಮಾತ್ರ ಅಲ್ಲ, ಬೇಕೆನ್ನುವವರಿಗೂ ಪೇಪರು ನಿಲ್ಲುತ್ತದೆ. ಒಮ್ಮೆ ನಿಂತ ಲೈನು ಮತ್ತೆ ಶುರುವಾಗುವುದು ಕಷ್ಟ. 2020ರ ಲಾಕ್‌ಡೌನ್ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಮನೆಮನೆಗೆ ಪತ್ರಿಕೆ ಹಂಚುವುದಕ್ಕೆ ಕೆಲವು ಕಾಲ ತಡೆ ಇತ್ತು. ಆಗ ಪೇಪರು ಬಿಟ್ಟ ಎಷ್ಟೋ ಮನೆಗಳವರು ಮರಳಿ ಹಾಕಿಸಿಕೊಂಡಿಲ್ಲ ಎಂಬುದನ್ನು ನಾವೆಲ್ಲ ನಮ್ಮ ನಮ್ಮ ಓಣಿಯಲ್ಲೇ ಕಂಡಿದ್ದೇವೆ.

ಸುದ್ದಿ ಫೋನಿನಲ್ಲಿ ಬರುತ್ತದಲ್ಲ ಎಂದರೆ, ಬರುತ್ತದೆ. ಆದರೆ ಕೃಷ್ಣಾ ದಂಡೆಯವರಾದ ನಮಗೆ ಎರಡೂ ದಂಡೆಯ ಸುದ್ದಿ ಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈನ ಮಹಾಪೂರವನ್ನು ಮರೆತವರಿಲ್ಲ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45 ಅಡಿ ದಾಟಿದರೆ ಅಪಾಯ. ಆ ದಿನಗಳಲ್ಲಿ ಕೊಯ್ನಾದಿಂದ ಎಷ್ಟು ಬಿಟ್ಟರು ಎಂಬುದೂ ಬೇಕು, ಆಲಮಟ್ಟಿಯಿಂದ ಎಷ್ಟು ಬಿಟ್ಟರು ಎಂಬುದೂ ಬೇಕು.

ಈಗಿನ ಆಲಮಟ್ಟಿ ವಿವಾದವನ್ನೇ ತೆಗೆದುಕೊಳ್ಳಿ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೆಂದು ಕರ್ನಾಟಕ ಹೇಳುತ್ತದೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲೇ ಇದಕ್ಕೆ ಒಪ್ಪಿದೆ ಎಂಬುದು ಕರ್ನಾಟಕದ ಆಧಾರ. ಸಾಂಗಲಿ-ಕೊಲ್ಲಾಪುರಕ್ಕೆ ನೆರೆ ಹೆಚ್ಚುತ್ತದೆ ಎಂಬುದು ಮಹಾರಾಷ್ಟ್ರದ ಆಕ್ಷೇಪ. ಮರಾಠಿ ಪತ್ರಿಕೆಯಲ್ಲಿ ಮುಳುಗುವ ಓಣಿಗಳ ಚಿಂತೆ ಮೊದಲ ಪುಟದಲ್ಲಿರುತ್ತದೆ. ಕನ್ನಡ ಪತ್ರಿಕೆಯಲ್ಲಿ ನೀರು ಕಾಯುತ್ತಿರುವ ವಿಜಯಪುರ-ಬಾಗಲಕೋಟೆಯ ಹೊಲಗಳ, ಭೂಮಿ ಕಳೆದುಕೊಂಡವರ ಪರಿಹಾರದ ಮಾತಿರುತ್ತದೆ. ಎರಡೂ ಸತ್ಯ. ಒಂದೇ ಓದಿದವನಿಗೆ ಅರ್ಧ ಸತ್ಯ. ಫೋನು ನಾವು ಒಮ್ಮೆ ಒತ್ತಿದ ಕಡೆಯ ಸುದ್ದಿಯನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಎರಡು ಪೇಪರು ಒಂದೇ ಮೇಜಿನ ಮೇಲೆ ಬಿದ್ದಿರುವ ಕಡೆ ಮಾತ್ರ ಎರಡೂ ಕಣ್ಣಿಗೆ ಬೀಳುತ್ತವೆ. ನಮ್ಮ ವಾಚನಾಲಯದ ಮೇಜು ಅಂಥದು.

ಮ್ಹೈಸಾಳ ಯೋಜನೆ ಕಲಿಸಿದ ಮಾತು

ಒಬ್ಬೊಬ್ಬರ ಚಂದಾ ಎಲ್ಲರನ್ನೂ ಹೇಗೆ ಕಾಯುತ್ತದೆ ಎಂಬುದು ನಮ್ಮ ಊರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಮ್ಹೈಸಾಳ ಏತ ನೀರಾವರಿಯಲ್ಲಿ ಕೃಷ್ಣೆಯ ನೀರನ್ನು ಹಂತ ಹಂತವಾಗಿ ಮೇಲೆತ್ತಿ ಮಿರಜ, ಕವಠೆ ಮಹಾಂಕಾಳ, ಜತ್ತದ ಕಡೆಗೆ ಒಯ್ಯುತ್ತಾರೆ. ಎತ್ತಬೇಕೆಂದರೆ ಕರೆಂಟು ಬೇಕು, ಕರೆಂಟಿಗೆ ಬಿಲ್ಲಿದೆ. ಪಾಣಿಪಟ್ಟಿ ಬಾಕಿ ಬಿದ್ದು, ಕರೆಂಟ್ ಬಿಲ್ ಏರಿ, ಪಂಪುಗಳು ನಿಂತ ವರ್ಷಗಳನ್ನು ರೈತರು ನೋಡಿದ್ದಾರೆ. ಪಂಪು ನಿಂತಾಗ ಪಟ್ಟಿ ಕಟ್ಟಿದವನ ಹೊಲವೂ ಒಣಗಿತು, ಕಟ್ಟದವನದೂ ಒಣಗಿತು. ಆಮೇಲೆ ಬಿಲ್ಲಿನ ಶೇ. 81ನ್ನು ಸರಕಾರ, ಶೇ. 19ನ್ನು ರೈತರು ಭರಿಸುವ ಸೂತ್ರ ಬಂತು. ಕಬ್ಬಿನ ಬಿಲ್ಲಿನಿಂದ ಪಟ್ಟಿ ಕಡಿದುಕೊಳ್ಳುವ ರೂಢಿಯೂ ಇದೆ.

ಇದರಿಂದ ಕಲಿಯಬೇಕಾದ್ದು ಇಷ್ಟು. ಕೆಲವು ಚಂದಾಗಳಲ್ಲಿ ನಾವು ಬರೀ ಗಿರಾಕಿಗಳು. ನಾವು ಬಂದರೂ ಹೋದರೂ ಅಂಗಡಿ ನಡೆಯುತ್ತದೆ. ಅಲ್ಲಿ ಕೈ ಬಿಗಿ ಹಿಡಿಯುವುದು ಜಾಣತನ. ಇನ್ನು ಕೆಲವು ಚಂದಾಗಳಲ್ಲಿ ನಾವೇ ಪಂಪಿನ ಕರೆಂಟು. ಅಲ್ಲಿ ಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ಹಾಗಾದರೆ ಸಂಘದ ವರ್ಗಣಿ?

ಪೇಪರಿಗೆ ಒಂದು ಅಳತೆ, ಸಂಘಕ್ಕೆ ಇನ್ನೊಂದು ಅಳತೆ ಇಟ್ಟುಕೊಂಡರೆ ನ್ಯಾಯವಾಗದು. ಕಾರ್ಯದರ್ಶಿಯಾಗಿ ನಾನೇ ಹೇಳುತ್ತೇನೆ: ನಮ್ಮ ವರ್ಗಣಿಯನ್ನೂ ಅದೇ ತಕ್ಕಡಿಯಲ್ಲಿ ತೂಗಿರಿ. ಕಳೆದ ವರ್ಷ ಎಷ್ಟು ಸಲ ವಾಚನಾಲಯಕ್ಕೆ ಬಂದಿರಿ, ಎಷ್ಟು ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆತಂದಿರಿ ಎಂದು ನೋಡಿಕೊಳ್ಳಿ. ಬಂದದ್ದು ಕಡಿಮೆಯಾಗಿದ್ದರೆ ತಪ್ಪು ಸದಸ್ಯರದೇ ಎಂದು ನಾನು ಹೇಳಲಾರೆ. ಕಾರ್ಯಕ್ರಮ ಸಂಜೆ ಕೊನೆಯ ಬಸ್ಸು ಹೋದ ಮೇಲೆ ಮುಗಿದರೆ ಶೇಡಬಾಳ, ಉಗಾರದವರು ಹೇಗೆ ಬರಬೇಕು? ಇದು ಸಮಿತಿ ಉತ್ತರಿಸಬೇಕಾದ ಪ್ರಶ್ನೆ.

ವರ್ಷ ವರ್ಷ ಕೇಳುವುದಕ್ಕಿಂತ ಎಲ್ಲರನ್ನೂ ಆಜೀವ ಸದಸ್ಯರನ್ನಾಗಿ ಮಾಡಿಬಿಡೋಣ ಎಂಬ ಸಲಹೆಯೂ ಬಂದಿದೆ. ಕೇಳಲು ಚೆನ್ನಾಗಿದೆ, ಲೆಕ್ಕ ನೋಡಿ. ಒಬ್ಬರಿಂದ ಒಮ್ಮೆ 1,000 ರೂಪಾಯಿ ಪಡೆದು ಬ್ಯಾಂಕಿನಲ್ಲಿ ಶೇ. 7ಕ್ಕೆ ಇಟ್ಟರೆ ವರ್ಷಕ್ಕೆ 70 ರೂಪಾಯಿ ಬಡ್ಡಿ. ಆ 70 ರೂಪಾಯಿಯಲ್ಲಿ ಅವರ ಪಾಲಿನ ಪತ್ರಿಕೆ, ಬಾಡಿಗೆ, ಕರೆಂಟು, ಅಂಚೆ ಖರ್ಚು ಎಲ್ಲ ನಡೆಯಬೇಕು. ಅಂಚೆಯ ಸ್ಥಿತಿ ಗೊತ್ತೇ ಇದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬ ಹಳೆಯ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಬಡ್ಡಿ ಸಾಲದಿದ್ದರೆ ಮೂಲ ಹಣಕ್ಕೆ ಕೈ ಹಾಕಬೇಕಾಗುತ್ತದೆ. ಅದು ಶುರುವಾದ ಸಂಘ ಬಹಳ ದಿನ ಬಾಳುವುದಿಲ್ಲ. ಇನ್ನೊಂದು ಮಾತು. ವರ್ಷಕ್ಕೊಮ್ಮೆ ವರ್ಗಣಿ ಕೇಳಲು ಮನೆಗೆ ಬಂದಾಗ ಸದಸ್ಯರು ನಾಲ್ಕು ಮಾತು ಬೈದಾದರೂ ಕಳಿಸುತ್ತಾರೆ. ಆ ಬೈಗುಳದಿಂದಲೇ ಸಂಘ ನೆಟ್ಟಗಿರುತ್ತದೆ. ಆಜೀವ ಸದಸ್ಯರು ಬೈಯುವುದನ್ನೂ ಬಿಟ್ಟುಬಿಡುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ, ತೀರ್ಮಾನ ಸಭೆಯದು. ವಾರ್ಷಿಕ ವರ್ಗಣಿ ಇರಲಿ. ವಾಚನಾಲಯಕ್ಕೆ ಕನ್ನಡದ ಎರಡು ದಿನಪತ್ರಿಕೆ, ಒಂದು ಮರಾಠಿ ದಿನಪತ್ರಿಕೆ ಇರಲಿ. ಮಾಸಪತ್ರಿಕೆಗಳಲ್ಲಿ ಯಾರೂ ತೆರೆಯದ್ದನ್ನು ನಿಲ್ಲಿಸಿ, ಆ ಹಣವನ್ನು ಮಕ್ಕಳ ಪುಸ್ತಕಕ್ಕೆ ಹಾಕೋಣ. ನಿಘಂಟು, ಪಾಠ, ಹಳೆಯ ಪುಸ್ತಕಗಳಿಗಾಗಿ ಯಾವ ಡಿಜಿಟಲ್ ಚಂದಾವೂ ಬೇಡ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' 2016ರಿಂದ ಬಿಟ್ಟಿಯಾಗಿ ಸಿಗುತ್ತಿದೆ. ಅದನ್ನು ಬಳಸುವುದು ಹೇಗೆಂದು ನಮ್ಮ ಹುಡುಗರೇ ಹಿರಿಯರಿಗೆ ಒಂದು ಸಂಜೆ ತೋರಿಸಲಿ.

ಸಭೆಗೆ ಬರುವ ಮೊದಲು

ಮನೆಯಲ್ಲಿ ಎಲ್ಲರೂ ಕೂಡಿ ಕುಳಿತು, ಒಂದು ಹಾಳೆಯ ಮೇಲೆ ತಿಂಗಳ ಚಂದಾಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ಉತ್ತರ ಬರೆಯಿರಿ.

1. ವರ್ಷಕ್ಕೆ ಒಟ್ಟು ಎಷ್ಟು? 28 ದಿನಗಳದ್ದಾದರೆ 13ರಿಂದ ಗುಣಿಸಿ.
2. ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಬಳಸಿದೆವು? ಎಷ್ಟು ಜನ ಬಳಸಿದೆವು?
3. ಬಿಟ್ಟರೆ ನಾಳೆ ಮತ್ತೆ ಸಿಗುತ್ತದೆಯೇ?
4. ನಾವು ಬಿಟ್ಟರೆ ಬೇರೆಯವರಿಗೂ ತಪ್ಪುತ್ತದೆಯೇ?

ಬಳಕೆ ಕಡಿಮೆ ಇದ್ದು, ನಾಳೆ ಮತ್ತೆ ಸಿಗುವಂಥದ್ದಾದರೆ ಈ ತಿಂಗಳೇ ನಿಲ್ಲಿಸಿ. ಬೇಕೆನಿಸಿದರೆ ದೀಪಾವಳಿಗೆ ಮತ್ತೆ ಹಾಕಿಸಿಕೊಳ್ಳಬಹುದು. ಬಳಕೆ ಹೆಚ್ಚಿದ್ದರೆ ವರ್ಷದ ಪ್ಲಾನ್ ಕೇಳಿ ನೋಡಿ, ಆದರೆ ಹೊಸದನ್ನು ಮೂರು ತಿಂಗಳು ಬಳಸಿ ನೋಡದೆ ವರ್ಷದ ಹಣ ಕಟ್ಟಬೇಡಿ. ನಾಲ್ಕನೆಯ ಪ್ರಶ್ನೆಗೆ ಉತ್ತರ ಹೌದು ಎಂದಾದರೆ, ಒಬ್ಬರೇ ಭಾರ ಹೊರಬೇಡಿ. ಎರಡು ಮನೆಯವರು ಕೂಡಿ ಒಂದು ಪೇಪರು ಹಾಕಿಸಿಕೊಂಡರೂ ಏಜೆಂಟರ ಕಟ್ಟಿನಲ್ಲಿ ಆ ಒಂದು ಪ್ರತಿ ಉಳಿಯುತ್ತದೆ.

ಹಾಳೆಯನ್ನು ಸಭೆಗೆ ತನ್ನಿರಿ. ಯಾರದನ್ನೂ ಓದಿ ಹೇಳುವುದಿಲ್ಲ, ಅದು ತಮ್ಮ ಮನೆಯ ಲೆಕ್ಕ. ಸಂಘದ ಜಮಾ-ಖರ್ಚಿನ ಪತ್ರಿಕೆಯನ್ನು ಮಾತ್ರ ಸಭೆಯ ಎಂಟು ದಿನ ಮೊದಲು ವಾಚನಾಲಯದ ಫಲಕದ ಮೇಲೆ ಹಚ್ಚಲಾಗುವುದು. ಯಾವ ಪತ್ರಿಕೆಗೆ ಎಷ್ಟು ಹೋಯಿತು ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ಇರುತ್ತದೆ. ಓದಿಕೊಂಡು ಬಂದು ಪ್ರಶ್ನೆ ಕೇಳಬೇಕಾಗಿ ವಿನಂತಿ. ಕಾಗವಾಡ, ಮಿರಜ, ಸಾಂಗಲಿ, ಜತ್ತದ ಸದಸ್ಯರು ಬರಲಾಗದಿದ್ದರೆ ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬಹುದು. ಅದನ್ನು ಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲು ಮಾಡಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಮ್ಹೈಸಾಳ